ಬೆಳಗ್ಗೆ ಬೆರಳು ಮಡಚಲು ಎಷ್ಟು ಹೊತ್ತು ಬೇಕು?

ಉಡುಪಿಯ ಶಂಕರಪುರದ ಕಡೆ ಮಲ್ಲಿಗೆ ಗಿಡ ಇರುವ ಮನೆಗಳಲ್ಲಿ ದಿನ ಶುರುವಾಗುವುದು ಕತ್ತಲಿರುವಾಗಲೇ. ಮೊಗ್ಗು ಕೊಯ್ಯಬೇಕು, ಬಾಳೆ ನಾರಿನಲ್ಲಿ ಕಟ್ಟಬೇಕು, ಹೊತ್ತು ಏರುವ ಮೊದಲು ಹೂವಿನ ವ್ಯಾಪಾರದ ಕಟ್ಟೆಗೆ ಮುಟ್ಟಿಸಬೇಕು. ಒಂದು ಚೆಂಡಿಗೆ 800 ಹೂ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ನನ್ನ ದೊಡ್ಡಮ್ಮ ನಲವತ್ತು ವರ್ಷ ಈ ಲೆಕ್ಕದಲ್ಲೇ ಬದುಕಿದವರು. ಕಣ್ಣು ಟಿವಿ ಮೇಲಿದ್ದರೂ ಬೆರಳು ತನ್ನಷ್ಟಕ್ಕೆ ಗಂಟು ಹಾಕುತ್ತಾ ಹೋಗುತ್ತಿತ್ತು.

ಆರೇಳು ವರ್ಷದ ಹಿಂದೆ, ಒಂದು ಬೇಸಿಗೆಯಲ್ಲಿ, ಆ ಬೆರಳು ಮಾತು ಕೇಳುವುದನ್ನು ಬಿಟ್ಟಿತು. ಏಳುವಾಗ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಬಿಸಿನೀರಲ್ಲಿ ಕೈ ಇಟ್ಟುಕೊಂಡು ಕೂತರೆ ಒಂಬತ್ತು ಗಂಟೆ ಹೊತ್ತಿಗೆ ಸ್ವಲ್ಪ ಸಡಿಲ. ಅಷ್ಟರಲ್ಲಿ ಕಟ್ಟೆಯ ಹೊತ್ತು ಮೀರುತ್ತಿತ್ತು. ‘ವಾತ’ ಎಂದರು ಎಲ್ಲರೂ. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಒಂದು ಸೂಜಿ ಚುಚ್ಚಿ, ಒಂದು ಪೊಟ್ಟಣ ಮಾತ್ರೆ ಕೊಟ್ಟರು. ಮೂರೇ ದಿನದಲ್ಲಿ ನೋವು ಮಾಯ! ಪೊಟ್ಟಣ ಮುಗಿದ ವಾರಕ್ಕೆ ಮತ್ತೆ ಬಂತು. ಮತ್ತೆ ಪೊಟ್ಟಣ. ಹೀಗೆ ಹದಿನಾಲ್ಕು ತಿಂಗಳು. ಕೊನೆಗೆ ರುಮಟಾಲಜಿಸ್ಟ್, ಅಂದರೆ ಸಂದುರೋಗದ ಸ್ಪೆಷಲಿಸ್ಟ್ ಎದುರು ಕೂತಾಗ ಎರಡು ಬೆರಳು ಸೊಟ್ಟಗಾಗಿದ್ದವು. ಜೊತೆಗೆ ಶುಗರ್ ಬೇರೆ ಬಂದಿತ್ತು.

ಕರಾವಳಿಯಲ್ಲಿ ದೊಡ್ಡಾಸ್ಪತ್ರೆಗೆ ಬರವಿಲ್ಲ. ಮಂಗಳೂರಿನ ವೆನ್ಲಾಕ್ 1848ರದ್ದು, ಕಂಕನಾಡಿಯ ಫಾದರ್ ಮುಲ್ಲರ್ 1880ರದ್ದು, ಮಣಿಪಾಲದ ಮೆಡಿಕಲ್ ಕಾಲೇಜು ಕೆಎಂಸಿ 1953ರದ್ದು. ದಕ್ಷಿಣ ಕನ್ನಡ ಒಂದರಲ್ಲೇ ಅರ್ಧ ಡಜನ್‌ಗಿಂತ ಜಾಸ್ತಿ ಮೆಡಿಕಲ್ ಕಾಲೇಜುಗಳಿವೆ. ದೊಡ್ಡಮ್ಮನ ಮನೆಯಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ಗಂಟೆ. ಆ ಒಂದು ಗಂಟೆಯ ದಾರಿಗೆ ಅವರಿಗೆ ಹದಿನಾಲ್ಕು ತಿಂಗಳು ಹಿಡಿಯಿತು.

ಹಾಗಾಗಿ ಸಂದುರೋಗದ ವಿಷಯ ಬಂದಾಗಲೆಲ್ಲ ‘ಸ್ಪೆಷಲಿಸ್ಟ್ ಸಾಕಾಗುವುದಿಲ್ಲ’ ಎಂಬ ಮಾತು ಕೇಳಿದರೆ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಸಾಕಾಗುವುದಿಲ್ಲ, ನಿಜ. ಆದರೆ ಕೈ ಉಳಿಯುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಬಹಳ ಸಲ ಅದಕ್ಕೂ ಮೊದಲೇ, ಊರಿನ ಮೊದಲ ಡಾಕ್ಟರ ಮೇಜಿನ ಎದುರು.

ವಾತ ಅಂದರೆ ಯಾವ ವಾತ?

ನಮ್ಮಲ್ಲಿ ಗಂಟು ನೋವಿಗೆಲ್ಲ ಒಂದೇ ಹೆಸರು. ಅರವತ್ತು ದಾಟಿದವರ ಸವೆದ ಮೊಣಕಾಲೂ ವಾತವೇ, ಹೆಬ್ಬೆರಳು ಕೆಂಪಗೆ ಊದಿಕೊಳ್ಳುವ ಗೌಟ್ ಕೂಡ ವಾತವೇ, ಜ್ವರ ಬಿಟ್ಟ ಮೇಲೆ ಉಳಿಯುವ ನೋವೂ ವಾತವೇ. ದೊಡ್ಡಮ್ಮನಿಗೆ ಇದ್ದದ್ದು ರುಮಟಾಯ್ಡ್ ಆರ್ಥ್ರೈಟಿಸ್. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ಸಂದಿನ ಒಳಪದರದ ಮೇಲೆ ಬೀಳುತ್ತದೆ. ಪದರ ಊದುತ್ತದೆ, ಆಮೇಲೆ ಮೂಳೆಯನ್ನೇ ಕೊರೆಯತೊಡಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ.

ಈ ಕೊರೆತಕ್ಕೆ ಒಂದು ಕೆಟ್ಟ ಗುಣ ಇದೆ. ಒಮ್ಮೆ ಆದದ್ದು ಮತ್ತೆ ಸರಿಹೋಗುವುದಿಲ್ಲ. ಶುರುವಾದ ಮೊದಲ ಮೂರರಿಂದ ಆರು ತಿಂಗಳಲ್ಲಿ ಸರಿಯಾದ ಮದ್ದು ಸಿಕ್ಕಿದರೆ ರೋಗವನ್ನು ಮಲಗಿಸಬಹುದು, ಬೆರಳು ಬೆರಳಾಗಿಯೇ ಉಳಿಯುತ್ತದೆ. ಯುರೋಪಿನ ರುಮಟಾಲಜಿಸ್ಟರ ಸಂಘದ ಸಲಹೆಯ ಪ್ರಕಾರ, ಬಾವು ಶುರುವಾದ 6 ವಾರದೊಳಗೆ ರೋಗಿ ಸ್ಪೆಷಲಿಸ್ಟರ ಕಣ್ಣಿಗೆ ಬೀಳಬೇಕು, 3 ತಿಂಗಳೊಳಗೆ ರೋಗ ತಡೆಯುವ ಮದ್ದು ಶುರುವಾಗಬೇಕು. ಬ್ರಿಟನ್ನಿನಲ್ಲಿ ಇನ್ನೂ ಬಿಗಿ. ಅನುಮಾನ ಬಂದ 3 ಕೆಲಸದ ದಿನದೊಳಗೆ ಫ್ಯಾಮಿಲಿ ಡಾಕ್ಟರು ಮುಂದಕ್ಕೆ ಕಳಿಸಬೇಕು, ರಕ್ತಪರೀಕ್ಷೆ ನಾರ್ಮಲ್ ಬಂದಿದ್ದರೂ.

ಹಾಗಾದರೆ ಆ ಅನುಮಾನ ಬರುವುದು ಹೇಗೆ? ಇಲ್ಲಿ ಯಾವ ಯಂತ್ರವೂ ಬೇಡ. ಬೀಡಿ ಕಟ್ಟುವ ಕೈ, ಅಡಿಕೆ ಸುಲಿಯುವ ಕೈ, ಮೀನು ಕೊಯ್ಯುವ ಕೈ, ಹೂ ಕಟ್ಟುವ ಕೈ. ನಮ್ಮ ಕಡೆಯ ಹೆಂಗಸರ ಬೆರಳು ಸುಮ್ನೆ ಕೂರುವುದಿಲ್ಲ. ಹಾಗಾಗಿ ಬೆರಳು ನೋವಿಗೆ ಕಾರಣ ಯಾವಾಗಲೂ ರೆಡಿ ಇರುತ್ತದೆ: ‘ಕೆಲಸ ಜಾಸ್ತಿ ಆಯ್ತು’. ಆದರೆ ಕೆಲಸದ ನೋವಿಗೂ ಬಾವಿನ ನೋವಿಗೂ ಗಡಿಯಾರ ಬೇರೆ. ಕೆಲಸದ ನೋವು ಸಂಜೆಗೆ ಏರುತ್ತದೆ, ಮಲಗಿ ಎದ್ದರೆ ಇಳಿಯುತ್ತದೆ. ಬಾವಿನ ನೋವು ತದ್ವಿರುದ್ಧ. ಮಲಗಿ ಎದ್ದಾಗಲೇ ಅದರ ಅಬ್ಬರ, ಕೈ ಆಡಿಸುತ್ತಾ ಹೋದ ಹಾಗೆ ಸಡಿಲ. ಬೆಳಗ್ಗೆ ಬೆರಳು ಮಡಚಲು ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ, ಎರಡೂ ಕೈಯ ಸಣ್ಣ ಸಂದುಗಳು ಊದಿವೆ, ಇದು ಕೆಲವು ವಾರದಿಂದ ನಡೆದಿದೆ ಎಂದಾದರೆ ಅಲ್ಲಿಗೆ ಎಚ್ಚರಿಕೆ ಗಂಟೆ ಬಾರಿಸಬೇಕು. ಬೆರಳಿನ ಬುಡದ ಗೆಣ್ಣುಗಳನ್ನು ಅಡ್ಡಕ್ಕೆ ಸೇರಿಸಿ, ಕೈಕುಲುಕುವಾಗ ಒತ್ತಿದ ಹಾಗೆ ಮೆಲ್ಲಗೆ ಒತ್ತಿ ನೋಡಿದರೆ ರೋಗಿ ಹೌಹಾರುತ್ತಾರೆ. ಮುಖ ನೋಡಿದರೆ ಸಾಕು, ಗೊತ್ತಾಗುತ್ತದೆ.

ಒಂದು ಪ್ರಶ್ನೆ, ಒಂದು ಒತ್ತು. ಎರಡು ನಿಮಿಷದ ಕೆಲಸ.

ಹದಿನಾಲ್ಕು ತಿಂಗಳಲ್ಲಿ ದೊಡ್ಡಮ್ಮನ ಕೈಯನ್ನು ಯಾರೂ ಮುಟ್ಟಿ ನೋಡಿರಲಿಲ್ಲ. ರಕ್ತ ಮಾತ್ರ ಎರಡು ಸಲ ತೆಗೆದಿದ್ದರು. ಈ ರಕ್ತಪರೀಕ್ಷೆಯದ್ದೂ ಒಂದು ಕಥೆ. ‘ಆರ್‌ಎ ಫ್ಯಾಕ್ಟರ್’ ಪಾಸಿಟಿವ್ ಎಂದರೆ ರೋಗ ಇದೆ, ನೆಗೆಟಿವ್ ಎಂದರೆ ಇಲ್ಲ ಎಂದು ಊರೆಲ್ಲ ನಂಬಿದೆ. ಆರೋಗ್ಯವಂತರಲ್ಲೂ ಇದು ಪಾಸಿಟಿವ್ ಬರುತ್ತದೆ, ವಯಸ್ಸಾದವರಲ್ಲಿ ಇನ್ನೂ ಜಾಸ್ತಿ. ಕ್ಷಯ, ಕುಷ್ಠ, ಹೆಪಟೈಟಿಸ್ ಸಿ ಇದ್ದರೂ ಬರಬಹುದು. ಇನ್ನೊಂದು ಕಡೆ, ನಿಜವಾಗಿ ರೋಗ ಇರುವ ಐವರಲ್ಲಿ ಒಬ್ಬರಿಗಾದರೂ ನೆಗೆಟಿವ್ ಬರುತ್ತದೆ. ದೊಡ್ಡಮ್ಮ ಆ ಐದನೆಯವರು. ‘ರಿಪೋರ್ಟಲ್ಲಿ ಏನೂ ಇಲ್ಲ ಅಮ್ಮ’ ಎಂದು ಮನೆಗೆ ಕಳಿಸಿದ್ದರು. ಆ್ಯಂಟಿ ಸಿಸಿಪಿ ಎಂಬ ಪರೀಕ್ಷೆ ಇದಕ್ಕಿಂತ ನಂಬಲರ್ಹ. ಆದರೆ ಅದೂ ಕೈ ಮುಟ್ಟಿ ನೋಡುವುದಕ್ಕೆ ಬದಲಿ ಅಲ್ಲ.

‘ಎಎಸ್‌ಒ’ ಎಂಬ ಇನ್ನೊಂದು ಪರೀಕ್ಷೆ ಇದೆ. ಅದು ತೋರಿಸುವುದು ಹಿಂದೆಂದೋ ಸ್ಟ್ರೆಪ್ಟೊಕಾಕಸ್ ರೋಗಾಣು ಬಂದು ಹೋದ ಗುರುತನ್ನು ಮಾತ್ರ. ಗಂಟಲು ನೋವಾದ ಕೆಲವು ವಾರಕ್ಕೆ ಒಂದು ಸಂದಿನಿಂದ ಇನ್ನೊಂದಕ್ಕೆ ಹಾರುವ ನೋವು, ಹೃದಯಕ್ಕೆ ಪೆಟ್ಟು, ಇವೆಲ್ಲ ಇರುವ ರುಮಾಟಿಕ್ ಜ್ವರ ಮುಖ್ಯವಾಗಿ 5ರಿಂದ 15 ವರ್ಷದ ಮಕ್ಕಳದ್ದು. ಅವರಿಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಬೇಕೇಬೇಕು, ಅದನ್ನು ತಪ್ಪಿಸುವ ಹಾಗಿಲ್ಲ. ಎಎಸ್‌ಒ ಸಂಖ್ಯೆ ಏರಿದೆ ಎಂಬ ಒಂದೇ ಕಾರಣಕ್ಕೆ ನಲವತ್ತರ ಹೆಂಗಸಿಗೆ ವರ್ಷಗಟ್ಟಲೆ ಅದೇ ಇಂಜೆಕ್ಷನ್ ಚುಚ್ಚುವುದಕ್ಕೆ ಅರ್ಥವಿಲ್ಲ. ‘ರುಮಟಾಯ್ಡ್’ ‘ರುಮಾಟಿಕ್’ ಎರಡೂ ಕಿವಿಗೆ ಒಂದೇ ಥರ ಕೇಳುವುದರಿಂದ ಆಗುವ ಅನಾಹುತ ಇದು.

ಪೊಟ್ಟಣದೊಳಗಿನ ಪವಾಡ

ಮೂರು ದಿನದಲ್ಲಿ ನೋವು ಮಾಯ ಮಾಡಿದ ಆ ಹೆಸರಿಲ್ಲದ ಮಾತ್ರೆ ಏನು? ಚೀಟಿ ಇಲ್ಲದ ಕಾರಣ ಖಚಿತ ಹೇಳಲಾಗದು, ಆದರೆ ರುಮಟಾಲಜಿಸ್ಟರಿಗೆ ಅನುಮಾನ ಇರಲಿಲ್ಲ. ಸ್ಟೀರಾಯ್ಡ್. ದುಂಡಗಾದ ಮುಖ, ಏರಿದ ಶುಗರ್ ಎರಡೂ ಅದನ್ನೇ ಹೇಳುತ್ತಿದ್ದವು.

ಈ ಪವಾಡಕ್ಕೆ ಹಳೆಯ ಚರಿತ್ರೆ ಇದೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಹಾಸಿಗೆ ಹಿಡಿದಿದ್ದ ಒಬ್ಬ ತರುಣಿಗೆ ಕಾರ್ಟಿಸೋನ್ ಕೊಟ್ಟರು. ಕೆಲವೇ ದಿನದಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಆದರೆ ಅಷ್ಟರಲ್ಲೇ ಇನ್ನೊಂದು ಮುಖವೂ ಕಾಣತೊಡಗಿತ್ತು. ಮೂಳೆ ಟೊಳ್ಳಾಗುತ್ತದೆ, ಶುಗರ್ ಬಿಪಿ ಏರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಸೋಂಕು ಹತ್ತುತ್ತದೆ, ಸೊಂಟದ ಕೀಲಿನ ಮೂಳೆ ರಕ್ತವಿಲ್ಲದೆ ಸಾಯಬಹುದು. ತುಂಬ ದಿನ ತಿಂದು ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ, ಯಾಕೆಂದರೆ ದೇಹ ತಾನೇ ತಯಾರಿಸುವ ಸ್ಟೀರಾಯ್ಡನ್ನು ಅಷ್ಟರಲ್ಲಿ ನಿಲ್ಲಿಸಿರುತ್ತದೆ.

ಸ್ಟೀರಾಯ್ಡ್ ವಿಷ ಎಂದು ನಾನು ಹೇಳುತ್ತಿಲ್ಲ. ಉಳಿದ ಮದ್ದು ಕೆಲಸ ಶುರುಮಾಡುವ ತನಕ ಕೆಲವು ವಾರ, ಸಣ್ಣ ಪ್ರಮಾಣದಲ್ಲಿ, ಲೆಕ್ಕ ಇಟ್ಟು ಕೊಡುವುದನ್ನು ಸ್ಪೆಷಲಿಸ್ಟರೂ ಮಾಡುತ್ತಾರೆ. ತೊಂದರೆ ಇರುವುದು ಹೆಸರಿಲ್ಲದ ಪೊಟ್ಟಣದಲ್ಲಿ. ಅದು ನೋವನ್ನು ಅಡಗಿಸುತ್ತದೆ. ರೋಗಿಗೂ ಡಾಕ್ಟರಿಗೂ ವಾಸಿಯಾದ ಭ್ರಮೆ ಬರುತ್ತದೆ. ಆ ಮೂರರಿಂದ ಆರು ತಿಂಗಳು ಸದ್ದಿಲ್ಲದೆ ಕೈಜಾರುತ್ತದೆ.

ಕೊಡುವವರ ಕಷ್ಟವನ್ನೂ ಹೇಳಬೇಕಲ್ಲ. ಹೊರಗೆ ನಲವತ್ತು ಜನ ಕಾಯುತ್ತಿದ್ದಾರೆ. ಎದುರು ಕೂತವರಿಗೆ ನಾಳೆಯೇ ಬೀಡಿ ಕಟ್ಟಲು ಕೂರಬೇಕು. ‘ಎರಡು ತಿಂಗಳಾದ ಮೇಲೆ ಗುಣ ಗೊತ್ತಾಗುವ ಮದ್ದು ಕೊಡುತ್ತೇನೆ’ ಎಂದರೆ ಅವರು ಎದ್ದು ಪಕ್ಕದ ಕ್ಲಿನಿಕ್ಕಿಗೆ ಹೋಗುತ್ತಾರೆ. ‘ಆ ಡಾಕ್ಟ್ರ ಕೈಗುಣ ಚೆಂದ’ ಎಂಬ ಹೆಸರು ಬರುವುದು ಬೇಗ ಗುಣ ಮಾಡುವವರಿಗೇ ಅಲ್ವಾ? ಎಂಬಿಬಿಎಸ್ ಓದುವಾಗ ಸಂದುರೋಗಕ್ಕೆ ಸಿಗುವ ಸಮಯವೂ ಕಡಿಮೆಯೇ.

ಆದಿತ್ಯವಾರದ ಮಾತ್ರೆ

ರುಮಟಾಯ್ಡಿಗೆ ಮೊದಲ ಸಾಲಿನ ಮದ್ದು ಮೆಥೋಟ್ರೆಕ್ಸೇಟ್. ಅಮೆರಿಕದಲ್ಲಿ 1988ರಲ್ಲೇ ಈ ರೋಗಕ್ಕೆ ಒಪ್ಪಿಗೆ ಪಡೆದದ್ದು. ಹಳೆಯ, ಅಗ್ಗದ ಮದ್ದು. ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಆದರೆ ಇದನ್ನು ತಿನ್ನುವುದು ವಾರಕ್ಕೆ ಒಂದೇ ದಿನ. ಬಿಪಿ, ಶುಗರ್ ಮಾತ್ರೆಯನ್ನು ದಿನಾ ತಿಂದು ಅಭ್ಯಾಸವಾದ ಮನೆಯಲ್ಲಿ ಇದೊಂದು ವಿಚಿತ್ರ. ತಪ್ಪಿ ದಿನಾ ತಿಂದರೆ ಬಾಯಿಯೆಲ್ಲ ಹುಣ್ಣಾಗುತ್ತದೆ, ರಕ್ತಕಣಗಳು ಕುಸಿಯುತ್ತವೆ, ಸಾವೂ ಬರಬಹುದು. ಇಂಥ ತಪ್ಪು ಜಗತ್ತಿನ ಎಲ್ಲ ಕಡೆ ಆಗಿದೆ. ಚೀಟಿಯಲ್ಲಿ ‘ವಾರಕ್ಕೊಮ್ಮೆ’ ಎಂದು ಬರೆದರೆ ಸಾಲದು, ವಾರದ ಯಾವ ದಿನ ಎಂದು ಬರೆಯಬೇಕು. ನಮ್ಮ ಮನೆಯಲ್ಲಿ ಅದಕ್ಕೆ ‘ಆದಿತ್ಯವಾರದ ಮಾತ್ರೆ’ ಎಂದೇ ಹೆಸರು. ಕ್ಯಾಲೆಂಡರಿನಲ್ಲಿ ಪ್ರತಿ ಆದಿತ್ಯವಾರಕ್ಕೆ ಕೆಂಪು ಪೆನ್ನಿನ ಗೀಟು.

ಈ ಮದ್ದು ಶುರುಮಾಡುವುದು ಸ್ಪೆಷಲಿಸ್ಟ್. ಆಮೇಲೆ ಅದನ್ನು ವರ್ಷಗಟ್ಟಲೆ ಕಾಯುವವರು ಯಾರು? ಮೊದಲ ಕೆಲವು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತಕಣ, ಲಿವರ್, ಕಿಡ್ನಿ ನೋಡಬೇಕು. ಇವು ಯಾವ ತಾಲೂಕು ಕೇಂದ್ರದ ಲ್ಯಾಬಿನಲ್ಲೂ ಆಗುವ ಪರೀಕ್ಷೆಗಳು. ಆದರೂ ಬೈಂದೂರಿನವರು ಮಣಿಪಾಲಕ್ಕೆ, ಸುಳ್ಯದವರು ಮಂಗಳೂರಿಗೆ ಇದಕ್ಕಾಗಿಯೇ ಬಸ್ಸು ಹತ್ತಬೇಕೆಂದರೆ ಒಂದು ದಿನದ ಕೂಲಿ ಹೋಯಿತು. ಜೊತೆಗೆ ಬಂದವರದ್ದೂ ಹೋಯಿತು. ನಾಲ್ಕನೆಯ ಸಲಕ್ಕೆ ಅವರು ಹೋಗುವುದಿಲ್ಲ. ಮದ್ದು ಬಿಡುತ್ತಾರೆ, ಇಲ್ಲವೇ ಪರೀಕ್ಷೆ ಇಲ್ಲದೆ ಮದ್ದು ಮುಂದುವರಿಸುತ್ತಾರೆ. ಎರಡನೆಯದ್ದು ಇನ್ನೂ ಅಪಾಯ.

ಊರಿನ ಡಾಕ್ಟರಿಗೆ ಗೊತ್ತಿರಲೇಬೇಕಾದ ಸಂಗತಿ ಇನ್ನೂ ಇದೆ. ಮೂತ್ರದ ಉರಿ ಎಂದು ಬಂದವರಿಗೆ ಕೋಟ್ರೈಮೊಕ್ಸಜೋಲ್ ಎಂಬ ಆ್ಯಂಟಿಬಯೋಟಿಕ್ ಬರೆಯುವುದು ಸಾಮಾನ್ಯ. ಮೆಥೋಟ್ರೆಕ್ಸೇಟ್ ತಿನ್ನುವವರಿಗೆ ಅದನ್ನು ಕೊಟ್ಟರೆ ರಕ್ತಕಣಗಳು ಪೂರ್ತಿ ನೆಲಕಚ್ಚಬಹುದು. ಇನ್ನು ನಮ್ಮ ಮಳೆಗಾಲ. ಡೆಂಗಿ, ಮಲೇರಿಯಾ, ಇಲಿಜ್ವರ ಮೂರೂ ಇಲ್ಲಿನ ಕಾಯಂ ಅತಿಥಿಗಳು. ಮೆಥೋಟ್ರೆಕ್ಸೇಟ್ ತಿನ್ನುವವರಿಗೆ ಜೋರು ಜ್ವರ ಬಂದರೆ ಆ ವಾರದ ಮಾತ್ರೆಯನ್ನು ತಡೆಹಿಡಿದು ರಕ್ತ ನೋಡುವುದು ರೂಢಿ. ಜ್ವರದಲ್ಲಿರುವವರು ಮೊದಲು ಹೋಗುವುದು ಹತ್ತಿರದ ಡಾಕ್ಟರ ಬಳಿಯೇ. ಆ ಡಾಕ್ಟರಿಗೆ ಇವರು ಏನು ತಿನ್ನುತ್ತಿದ್ದಾರೆ ಎಂದೇ ಗೊತ್ತಿಲ್ಲದಿದ್ದರೆ? ಮದುವೆಯಾದ ಹುಡುಗಿಯರ ವಿಷಯವೂ ಹೀಗೇ. ಗರ್ಭಿಣಿಯರು ಈ ಮದ್ದು ತಿನ್ನಲೇಬಾರದು, ಮಗು ಬೇಕು ಎಂದರೆ ಕೆಲವು ತಿಂಗಳು ಮೊದಲೇ ಬದಲಿಸಬೇಕು. ಈ ಮಾತನ್ನು ಕೇಳುವ ಸಲುಗೆ ಇರುವುದು ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಗೆ, ಊರಿನ ನರ್ಸಮ್ಮನಿಗೆ.

ಸಂದುರೋಗಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಇನ್ನೊಂದು ಮದ್ದು ಇದೆ. 2020ರಲ್ಲಿ ಕೊರೊನಾಕ್ಕೆ ಒಳ್ಳೆಯದು ಎಂಬ ಗುಲ್ಲೆದ್ದು ಅಂಗಡಿಗಳಲ್ಲಿ ಖಾಲಿಯಾದದ್ದು ಇದೇ. ಕೊರೊನಾಕ್ಕೆ ಅದು ಉಪಯೋಗಕ್ಕೆ ಬರಲಿಲ್ಲ. ಇದೇ ಮದ್ದು ತಿನ್ನುವ ಲೂಪಸ್ (ಇದೂ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪುವ ರೋಗವೇ) ಇರುವವರು ಮಾತ್ರ ತಮ್ಮ ಮಾತ್ರೆಗಾಗಿ ಅಂಗಡಿ ಅಂಗಡಿ ಅಲೆದರು. ಐದು ವರ್ಷ ತಿಂದ ಮೇಲೆ ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು ಎಂಬುದನ್ನು ನೆನಪಿಸುವವರೂ ಊರಲ್ಲೇ ಇರಬೇಕು.

ರುಮಟಾಯ್ಡ್ ಇರುವವರಿಗೆ ಹೃದಯಾಘಾತದ ಸಾಧ್ಯತೆ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು ಎಂಬುದೂ ಬಹಳ ಜನಕ್ಕೆ ಗೊತ್ತಿಲ್ಲ. ಬಿಪಿ, ಕೊಲೆಸ್ಟ್ರಾಲ್ ನೋಡುವುದಕ್ಕೆ ರುಮಟಾಲಜಿಸ್ಟೇ ಬೇಕಾ?

ಕೆಲವು ಸಂದುರೋಗಗಳನ್ನಂತೂ ಊರಿನ ಡಾಕ್ಟರೇ ಪೂರ್ತಿ ನೋಡಿಕೊಳ್ಳಬಹುದು. ಗೌಟ್ ಅದರಲ್ಲಿ ಮೊದಲನೆಯದು. ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಬೆಂಕಿಯಾಗುತ್ತದೆ. ಬೂತಾಯಿ, ಕೊಲ್ಲತರು ತಿನ್ನಬೇಡಿ ಎಂದು ಹೇಳಿ ಕಳಿಸುತ್ತಾರೆ. ಆ ಮೀನುಗಳಲ್ಲಿ, ಗೌಟ್ ತರುವ ಯೂರಿಕ್ ಆಸಿಡನ್ನು ಏರಿಸುವ ಪ್ಯೂರಿನ್ ಜಾಸ್ತಿ ಇರುವುದು ನಿಜ, ಬಿಯರ್ ಇನ್ನೂ ಕೆಟ್ಟದ್ದು. ಆದರೆ ಬೂತಾಯಿ ಬಿಟ್ಟದ್ದರಿಂದಲೇ ಯೂರಿಕ್ ಆಸಿಡ್ 6ಕ್ಕಿಂತ ಕೆಳಗೆ ಇಳಿಯುವುದು ಅಪರೂಪ. ಪದೇ ಪದೇ ಬರುವವರಿಗೆ ಅದನ್ನು ಇಳಿಸುವ ಅಲೋಪ್ಯುರಿನಾಲ್ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಶುರುಮಾಡಿ ಮೆಲ್ಲಗೆ ಏರಿಸಬೇಕು. ನೋವೇ ಇಲ್ಲದವರ ರಿಪೋರ್ಟಿನಲ್ಲಿ ಯೂರಿಕ್ ಆಸಿಡ್ 7.5 ಕಂಡ ಮಾತ್ರಕ್ಕೆ ಮಾತ್ರೆ ಬೇಡ. ಮೀನಿಲ್ಲದ ಊಟ ನಮ್ಮವರಿಗೆ ಎಂಥ ಶಿಕ್ಷೆ ಎಂದು ಗೊತ್ತಿದ್ದೂ ಆ ಶಿಕ್ಷೆಯನ್ನು ಸುಮ್ನೆ ಕೊಡಬಾರದು.

ಚಿಕೂನ್‌ಗುನ್ಯಾ ಇನ್ನೊಂದು. 2008ರಲ್ಲಿ ದಕ್ಷಿಣ ಕನ್ನಡದಲ್ಲಿ ಅದು ಮನೆಮನೆಗೆ ನುಗ್ಗಿದ್ದನ್ನು ಕಂಡವರು ಮರೆತಿಲ್ಲ. ಜ್ವರ ವಾರದಲ್ಲಿ ಹೋಯಿತು, ಗಂಟು ನೋವು ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯಿತು, ನೋಡಲು ಥೇಟ್ ರುಮಟಾಯ್ಡಿನ ಹಾಗೆ. ಇದರಿಂದ ಉಳಿದುಕೊಂಡ ಒಂದು ಕೆಟ್ಟ ಅಭ್ಯಾಸ ಎಂದರೆ, ಯಾರಿಗೆ ಗಂಟು ಊದಿದರೂ ‘ಅದು ಆಗಿನ ಚಿಕೂನ್‌ಗುನ್ಯಾದ್ದು’ ಎನ್ನುವುದು. ಜ್ವರ ಬಿಟ್ಟು ಮೂರು ತಿಂಗಳಾದ ಮೇಲೂ ಊತ ಇದ್ದರೆ ಆ ಸಮಾಧಾನ ಸಾಲದು, ಮುಂದಕ್ಕೆ ಕಳಿಸಬೇಕು.

ಫಾರ್ಮಿನಲ್ಲಿ ಇಲ್ಲದ ಪ್ರಶ್ನೆ

ಬಯಲು ಸೀಮೆಯ ಲೆಕ್ಕದಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನ, ಗುಡ್ಡಗಾಡಿನಲ್ಲಿ 20,000. ಭಾರತದಲ್ಲಿ ವಯಸ್ಕರಲ್ಲಿ ಸುಮಾರು ಅರ್ಧದಿಂದ ಮುಕ್ಕಾಲು ಶೇಕಡಾ ಜನಕ್ಕೆ ರುಮಟಾಯ್ಡ್ ಇದೆ ಎಂದು ಇಟ್ಟುಕೊಂಡರೆ, ದೊಡ್ಡ ಕೇಂದ್ರವೊಂದರ ವ್ಯಾಪ್ತಿಯಲ್ಲಿ ನೂರರಿಂದ ನೂರೈವತ್ತು ಜನ ಇರಬೇಕು. ಅವರ ಪಟ್ಟಿ ಇದೆಯೇ ಎಂದು ಯಾವುದಾದರೂ ಕೇಂದ್ರದಲ್ಲಿ ಕೇಳಿ ನೋಡಿ. ಕ್ಷಯದ ಪಟ್ಟಿ ಇರುತ್ತದೆ, ಗರ್ಭಿಣಿಯರದ್ದು ಇರುತ್ತದೆ, ಬಿಪಿ ಶುಗರಿನದ್ದೂ ಇರುತ್ತದೆ. ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾದದ್ದು. ಅದರ ಕಣ್ಣು ಬಿಪಿ, ಶುಗರ್, ಕ್ಯಾನ್ಸರ್, ಹೃದಯದ ಮೇಲೆ. ಗಂಟು ಆ ಕಣ್ಣಿಗೆ ಬಿದ್ದಿಲ್ಲ.

ತಮಾಷೆ ಎಂದರೆ, ಮೂವತ್ತು ದಾಟಿದವರ ಮನೆಗೆ ಬಂದು ಆಶಾ ಕಾರ್ಯಕರ್ತೆ ತುಂಬಿಸುವ ಫಾರ್ಮಿನಲ್ಲಿ ಕೈಬೆರಳಲ್ಲಿ ವಸ್ತು ಹಿಡಿಯಲು ಕಷ್ಟವಾಗುತ್ತದೆಯೇ ಎಂಬ ಪ್ರಶ್ನೆ ಇದೆ. ಅದು ಕುಷ್ಠರೋಗ ಹುಡುಕಲು ಇಟ್ಟದ್ದು. ಅದರ ಕೆಳಗೆ ಇನ್ನೊಂದು ಗೆರೆ ಸೇರಿಸಿದರೆ ಸಾಕು: ಬೆಳಗ್ಗೆ ಬೆರಳು ಮಡಚಲು ಅರ್ಧ ಗಂಟೆಗಿಂತ ಜಾಸ್ತಿ ಬೇಕೇ? ಇದಕ್ಕೆ ಹೊಸ ಯೋಜನೆ, ಹೊಸ ಕಟ್ಟಡ ಏನೂ ಬೇಡ. ಕೆಲಸದ ಹೊರೆಯಲ್ಲಿ ಈಗಾಗಲೇ ಬಗ್ಗಿರುವ ಆಶಾ ಅಕ್ಕಂದಿರಿಗೆ ಇನ್ನೊಂದು ಹೊರೆ ಎಂಬ ಆಕ್ಷೇಪ ಬಂದರೆ ಅದು ನ್ಯಾಯವೇ. ಆದರೂ ಈ ಒಂದು ಗೆರೆಗೆ ನಾನು ಜಗಳ ಆಡಲು ತಯಾರು.

ದುಡ್ಡಿನ ಮಾತೂ ಇದೆ. ಆಯುಷ್ಮಾನ್ ಕಾರ್ಡ್ ಇದ್ದರೆ ಆಸ್ಪತ್ರೆಗೆ ದಾಖಲಾದಾಗ ಆಸರೆ. ಸಂದುರೋಗಿ ದಾಖಲಾಗುವುದೇ ಅಪರೂಪ. ಅವರ ಖರ್ಚು ತಿಂಗಳ ಮಾತ್ರೆ, ಲ್ಯಾಬು, ಬಸ್ಸು. ಆ ಚಿಲ್ಲರೆ ಖರ್ಚು ಕಾರ್ಡಿನ ಲೆಕ್ಕಕ್ಕೆ ಬರುವುದಿಲ್ಲ. ಬೆರಳು, ಮೊಣಕಾಲು ಪೂರ್ತಿ ಹಾಳಾಗಿ ಆಪರೇಷನ್ ಮಾಡಿಸುವಾಗ ಬರುತ್ತದೆ! ಮೆಥೋಟ್ರೆಕ್ಸೇಟ್, ಅದರ ಜೊತೆ ಕೊಡುವ ಫೋಲಿಕ್ ಆಸಿಡ್ ಮಾತ್ರೆ ಊರಿನ ಸರಕಾರಿ ಕೇಂದ್ರದಲ್ಲೇ ಸಿಗುವಂತಾದರೆ ಎಷ್ಟೋ ಜನ ಮದ್ದು ಬಿಡುವುದಿಲ್ಲ.

ಬ್ರಿಟನ್ನಿನಲ್ಲಿ ಇದಕ್ಕೊಂದು ಒಪ್ಪಂದದ ಪದ್ಧತಿ ಇದೆ. ಸ್ಪೆಷಲಿಸ್ಟ್ ಮದ್ದು ಶುರುಮಾಡಿ ಹದಕ್ಕೆ ತರುತ್ತಾರೆ. ಆಮೇಲೆ ಯಾವ ಪರೀಕ್ಷೆ ಎಷ್ಟು ದಿನಕ್ಕೆ, ಯಾವ ಸಂಖ್ಯೆ ಬಂದರೆ ಮದ್ದು ನಿಲ್ಲಿಸಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ಬರೆದುಕೊಟ್ಟು ಫ್ಯಾಮಿಲಿ ಡಾಕ್ಟರಿಗೆ ಒಪ್ಪಿಸುತ್ತಾರೆ. ನಮ್ಮಲ್ಲಿ ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ‘ರಿವ್ಯೂ’ ಎಂದು ಒಂದು ತಾರೀಕು ಇರುತ್ತದೆ, ಅಷ್ಟೆ. ಊರಿನ ಡಾಕ್ಟರಿಗೆ ಒಂದು ಸಾಲು ಬರೆಯುವ ಪದ್ಧತಿ ಇಲ್ಲ. ಇ-ಸಂಜೀವಿನಿಯಂಥ ವಿಡಿಯೊ ವ್ಯವಸ್ಥೆ ಸರಕಾರದ ಕೈಯಲ್ಲೇ ಇದೆ. ಮಣಿಪಾಲ, ಮಂಗಳೂರಿನ ರುಮಟಾಲಜಿಸ್ಟರು ವಾರಕ್ಕೆ ಒಂದು ಮಧ್ಯಾಹ್ನ ಅದರಲ್ಲಿ ಕೂತರೆ ಕೊಲ್ಲೂರಿನ ಕೈಯನ್ನೂ ಸುಬ್ರಹ್ಮಣ್ಯದ ಕೈಯನ್ನೂ ನೋಡಬಹುದು. ಊದಿದ ಗೆಣ್ಣು ಕ್ಯಾಮೆರಾದಲ್ಲೂ ಕಾಣುತ್ತದೆ. ಒತ್ತಿ ನೋಡಲು ಅಲ್ಲಿ ಒಬ್ಬ ನರ್ಸ್ ಇದ್ದರಾಯಿತು.

ದೊಡ್ಡಮ್ಮನ ಮಟ್ಟಿಗೆ ಈ ಒಪ್ಪಂದ ಆದದ್ದು ಒಂದು ಇನ್ನೂರು ಪುಟದ ನೋಟುಬುಕ್ಕಿನಲ್ಲಿ. ಎಡಪುಟದಲ್ಲಿ ಸ್ಪೆಷಲಿಸ್ಟ್ ಬರೆಯುತ್ತಾರೆ, ಬಲಪುಟದಲ್ಲಿ ಊರಿನ ಈಗಿನ ಡಾಕ್ಟರು. ರಕ್ತ ಕಟಪಾಡಿಯಲ್ಲೇ ಕೊಡುತ್ತಾರೆ. ಮಣಿಪಾಲಕ್ಕೆ ಆರು ತಿಂಗಳಿಗೊಮ್ಮೆ. ಹೋದ ಮಳೆಗಾಲದಲ್ಲಿ ಜ್ವರ ಬಂದಾಗ ಈ ಡಾಕ್ಟರು ಮೊದಲು ನೋಟುಬುಕ್ ಕೇಳಿದರು, ಆಮೇಲೆ ಥರ್ಮಾಮೀಟರ್ ಇಟ್ಟರು. ಬಲಪುಟದಲ್ಲಿ ಬರೆದದ್ದು ಇಷ್ಟೇ: ‘ಈ ಆದಿತ್ಯವಾರ ಮಾತ್ರೆ ಬೇಡ’.

ಸೊಟ್ಟಗಾದ ಎರಡು ಬೆರಳು ನೆಟ್ಟಗಾಗಲಿಲ್ಲ. ನಾರನ್ನು ಈಗ ಹೆಬ್ಬೆರಳಿಗೆ ಸುತ್ತಿ, ಕಿರುಬೆರಳಿನಿಂದ ಹಿಡಿದು ಕಟ್ಟುತ್ತಾರೆ. ಮೊದಲು ಒಂದು ಅಟ್ಟೆ ಕಟ್ಟುತ್ತಿದ್ದ ಹೊತ್ತಿಗೆ ಈಗ ಎರಡು ಚೆಂಡು.